ಕೇಳದೆ ಉಳಿದ ಮೂರನೆಯ ಪ್ರಶ್ನೆ

ಮಾನ್ಯ ಅಧ್ಯಕ್ಷರೂ ಈ ಜೈಲಿನ ಗವರ್ನರರೂ ಆದ ಮೇಜರ್ ಆಲ್ಡರ್ಸನ್ ಅವರೇ, ಪಾದ್ರಿಗಳಾದ ಪ್ಯಾಸ್ಕೋ ಅವರೇ, ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರಲಿರುವ ಡಾಕ್ಟರ್ ಲ್ಯಾಂಗ್ರಿಜ್ ಅವರೇ, ವಾರ್ಡರ್ ಮಿತ್ರರೇ, ಮುಂದಿನ ಸಾಲಿನಲ್ಲಿ ಹಸಿರು ಟೋಪಿ ಧರಿಸಿ ಕುಳಿತಿರುವ ಮಹಿಳೆಯವರೇ, ಸಭಿಕರೇ,

ಇಪ್ಪತ್ತಾರು ವರ್ಷ ಈ ಜೈಲಿನ ವೈದ್ಯನಾಗಿದ್ದೆ. ನನ್ನ ಔಷಧದ ಬಗ್ಗೆ ದೂರು ಕೊಟ್ಟವರು ಕಡಿಮೆ. ದೂರಲು ಪುರುಸೊತ್ತು ಇದ್ದವರೂ ಕಡಿಮೆ ಎಂದು ಪಾದ್ರಿಗಳು ಹೇಳುವುದುಂಟು. ನಗಿ, ಪರವಾಗಿಲ್ಲ.

ನೀವೆಲ್ಲ ನನ್ನನ್ನು ಬೆನ್ನ ಹಿಂದೆ 'ಎರಡು ಪ್ರಶ್ನೆಯ ಡಾಕ್ಟರು' ಎನ್ನುತ್ತಿದ್ದಿರಿ. ಬೇಸರವಿಲ್ಲ. ಕೊಲೆ ಆರೋಪಿಗೆ ಹುಚ್ಚು ಇದೆಯೇ ಇಲ್ಲವೇ ಎಂದು ವಿಚಾರಣೆಗೆ ಮುಂಚೆ ನೋಡಿ ಕೋರ್ಟಿಗೆ ಹೇಳುವುದು ನನ್ನ ಕೆಲಸವಾಗಿತ್ತು. ವೈದ್ಯರ ಹುಚ್ಚು ಬೇರೆ, ಕಾನೂನಿನ ಹುಚ್ಚು ಬೇರೆ. ಕಾನೂನಿಗೆ ಬೇಕಾದದ್ದು ಎರಡೇ. ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತೇ? ಅದು ತಪ್ಪೆಂದು ಗೊತ್ತಿತ್ತೇ? ಎರಡಕ್ಕೂ ಹೌದು ಎಂದರೆ, ಅವನು ಚಂದ್ರನ ಜೊತೆ ಮಾತಾಡುವವನಾದರೂ ಸರಿ, ಗಲ್ಲು.

ಏಮಸ್ ಥರ್ಕೆಲ್ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಐವತ್ತೊಂದನೇ ಇಸವಿಯಲ್ಲಿ ಬಂದವನು. ಮನೆಗಳಿಗೆ ಹುಲ್ಲಿನ ಚಾವಣಿ ಹೊದಿಸುವ ಕಸುಬು. ಹೆಂಡತಿ ಹೆಸ್ಟರಳನ್ನು ಮಳೆನೀರಿನ ಪೀಪಾಯಿಯಲ್ಲಿ ಅದುಮಿ ಕೊಂದಿದ್ದ. ಅಂಥ ಸಭ್ಯ ಮನುಷ್ಯನನ್ನು ನಾನು ಈ ಗೋಡೆಗಳೊಳಗೂ ನೋಡಿಲ್ಲ, ಹೊರಗೂ ನೋಡಿಲ್ಲ.

ಮೊದಲ ಪ್ರಶ್ನೆ ಕೇಳಿದೆ. "ನೀರೊಳಗೆ ಅದುಮಿ ಹಿಡ್ದೆ ಸಾರ್, ಉಸಿರು ನಿಲ್ಲೋವರೆಗೂ" ಎಂದ. ಎರಡನೆಯದು ಕೇಳಿದೆ. "ತಪ್ಪು ಅಂತ ಗೊತ್ತಿಲ್ದೆ ಏನ್ ಸಾರ್? ನೇಣು ಹಾಕ್ತಾರೆ. ಅದಕ್ಕೇ ಕಾನ್‌ಸ್ಟೇಬಲ್ ಮನೆಗೆ ನಾನೇ ನಡ್ಕೊಂಡು ಹೋದೆ. ಅವರು ಊಟಕ್ಕೆ ಕೂತಿದ್ರು. ಮುಗಿಸ್ಲಿ ಅಂತ ಬಾಗ್ಲಲ್ಲೇ ಕಾದೆ."

ಇಷ್ಟನ್ನೇ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದೆ. ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು, ತಪ್ಪೆಂದೂ ಗೊತ್ತಿತ್ತು ಎಂದೆ. ಜ್ಯೂರಿಯವರಿಗೆ ಹದಿನಾಲ್ಕು ನಿಮಿಷ ಸಾಕಾಯಿತು. ತೀರ್ಪಿಗೂ ಗಲ್ಲಿಗೂ ನಡುವೆ ಕೊಡುವ ಮೂರು ಭಾನುವಾರ ಕಳೆದ ಮೇಲೆ, ಗಲ್ಲಿನ ಬೆಳಿಗ್ಗೆ, ಅವನ ಕೋಣೆಯಲ್ಲಿ ಸುಮ್ಮನೆ ಮಾತಿಗೆಂದು ಕೇಳಿದೆ: "ಹೆಸ್ಟರ್ ನೆನಪಾಗ್ತಾಳೇನಪ್ಪ?"

"ದಿನಾ ನೆನಪಾಗ್ತಾಳೆ ಸಾರ್. ಎಲ್ಲಿ ಬಚ್ಚಿಟ್ಟಿದಾರೋ ಅವಳನ್ನ. ಪೀಪಾಯಿಲಿದ್ದದ್ದು ಅವಳಲ್ಲ. ಮನುಷ್ಯರೇ ಅಲ್ಲ ಅದು. ಅವಳ ಬಟ್ಟೆ ಹಾಕ್ಕೊಂಡು ಬಂದಿತ್ತು, ಅಷ್ಟೇ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಕೇಳ್ಲಿಲ್ವಲ್ಲ ಸಾರ್" ಎಂದ. ಹೊರಗೆ ಹೆಜ್ಜೆ ಸದ್ದಾದಾಗ ಎದ್ದು ನಿಂತು, ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ: "ನಿಮ್ಮನೆಯವ್ರನ್ನ ಹತ್ರದಿಂದ ನೋಡಿದೀರಾ ಯಾವತ್ತಾದ್ರೂ?"

ಆ ಸಂಜೆ ಮನೆಗೆ ಹೋಗಿ ನೋಡಿದೆ. ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದೇನೆ.

ನನ್ನ ಹೆಂಡತಿ ಮಾರ್ಜರಿ ಕಪ್ಪಿಗೆ ಮೊದಲು ಹಾಲು ಹಾಕಿ ಆಮೇಲೆ ಟೀ ಸುರಿಯುತ್ತಿದ್ದಳು. ಮದುವೆಯಾದಾಗಿನಿಂದ ಹಾಗೆಯೇ. ಹೋದ ಅಕ್ಟೋಬರಿನಿಂದ ಮೊದಲು ಟೀ, ಆಮೇಲೆ ಹಾಲು. ಇದೇನು ಸಣ್ಣ ವಿಷಯವೇ? ಇಪ್ಪತ್ತೆಂಟು ವರ್ಷ ನನ್ನನ್ನು 'ಡಾಕ್ಟರೇ' ಎಂದು ರೇಗಿಸಿದವಳು ಈಗ ಹೆಸರು ಹಿಡಿದು ಕರೆಯುತ್ತಾಳೆ. ಯಾಕೆಂದು ಕೇಳಿದರೆ, "ಹ್ಯೂ, ನಿಮ್ಗೆ ರೆಸ್ಟ್ ಬೇಕು ಕಣ್ರೀ, ಸಮುದ್ರದ ಗಾಳಿಗೆ ಎಲ್ಲಾ ಸರಿಹೋಗತ್ತೆ" ಎನ್ನುತ್ತಾಳೆ. ನನ್ನ ಮಾರ್ಜರಿ ಎಂದೂ ಅಷ್ಟು ಅಕ್ಕರೆಯಿಂದ ಮಾತಾಡಿದವಳಲ್ಲ.

ಇವತ್ತು ಐದೂ ನಲವತ್ತರ ರೈಲಿಗೆ ನಾವಿಬ್ಬರೂ ನಾರ್ಫಕ್‌ನ ಕಡಲ ದಂಡೆಗೆ ಹೊರಟಿದ್ದೇವೆ. ಪುಟ್ಟ ಮನೆ. ಅಕ್ಕಪಕ್ಕ ಒಂದೂವರೆ ಮೈಲಿವರೆಗೆ ಯಾರೂ ಇಲ್ಲ. ಎಷ್ಟು ಪುಣ್ಯವಂತರು ಎಂದು ನೀವೆಲ್ಲ ಹೇಳುತ್ತಿದ್ದೀರಿ.

ಡಾಕ್ಟರ್ ಲ್ಯಾಂಗ್ರಿಜ್ ಅವರೇ, ಮೊದಲ ಎರಡು ಪ್ರಶ್ನೆಗಳಿಗೆ ನನ್ನ ಉತ್ತರವನ್ನು ಈಗಲೇ ಕೊಟ್ಟುಬಿಡುತ್ತೇನೆ. ನೀರಿನಲ್ಲಿ ಮುಳುಗಿಸಿದರೆ ಉಸಿರು ನಿಲ್ಲುತ್ತದೆಂದು ನನಗೆ ಗೊತ್ತು. ಅದು ತಪ್ಪೆಂದೂ, ಈ ದೇಶದ ಕಾನೂನು ಅದಕ್ಕೆ ಏನು ಮಾಡುತ್ತದೆಂದೂ ಗೊತ್ತು. ಇವೆರಡನ್ನೇ ಕೇಳಿದರೆ ನಾನು ಈ ಸಭೆಯಲ್ಲಿ ಎಲ್ಲರಿಗಿಂತ ಸ್ವಸ್ಥ. ನಾನು ಥರ್ಕೆಲ್‌ನನ್ನು ಕೇಳದೆ ಉಳಿದದ್ದನ್ನು ನೀವು ನನ್ನನ್ನು ಕೇಳಿ. ಮುಂದಿನ ಸಾಲಿನಲ್ಲಿ ಹಸಿರು ಟೋಪಿ ಧರಿಸಿ ಕುಳಿತಿರುವುದು ಯಾರು ಎಂದು ಕೇಳಿ. ಕೋರ್ಟಿನಲ್ಲಿ ಅಲ್ಲ, ಇವತ್ತೇ, ರೈಲಿಗೆ ಮುಂಚೆ ಕೇಳಿ. ನನಗೆ ಭಯವಾಗುತ್ತಿದೆ.

ನಗುತ್ತಿದ್ದೀರಿ. ಒಳ್ಳೆಯದು. ನಾನು ತಮಾಷೆಯ ಮನುಷ್ಯ ಎಂದು ಗವರ್ನರರು ಆಗಲೇ ಹೇಳಿದ್ದಾರಲ್ಲ.

ನೀವು ಉಡುಗೊರೆ ಕೊಟ್ಟ ಈ ಬೆಳ್ಳಿಯ ಟೀ ಪಾತ್ರೆಗಾಗಿ, ನಿಮ್ಮ ಪ್ರೀತಿಗಾಗಿ, ತಾಳ್ಮೆಯಿಂದ ಕೇಳಿದ್ದಕ್ಕಾಗಿ ಎಲ್ಲರಿಗೂ ಋಣಿ. ಹೊರಗೆ ಟ್ಯಾಕ್ಸಿ ಬಂದಿದೆಯಂತೆ. ಆಕೆ ನನ್ನ ಕೋಟು ಹಿಡಿದುಕೊಂಡು ಎದ್ದು ನಿಂತಿದ್ದಾಳೆ. ನಮಸ್ಕಾರ.