‘ಮರೆತೆ’ ಅಂದರೆ ಸಾಕು

ಅಣ್ಣ ವೈರ್ ತೆಗೆಯೋದು ಮರೆತ. ಊರೆಲ್ಲ ನಂಬಿರೋದು ಅಷ್ಟೇ ಅತ್ತಿಗೆ. ಪೇಪರಿನವರು, ಪೊಲೀಸರು, ಆಸ್ಪತ್ರೆಯವರು... ಅಷ್ಟೇ ಯಾಕೆ, ನಿಮ್ಮ ಗೇಟಿನ ವಾಚ್‌ಮನ್ ಕೂಡ. ಈಗ ತಾನೇ ನನ್ನ ಮುಖ ನೋಡಿ ಲೊಚಗುಟ್ಟಿದ. “ಒಳ್ಳೆ ಮೆಕ್ಯಾನಿಕ್ಕು ಸಾರ್, ಪಾಪ, ಮರೆವು ಯಾರಿಗಿಲ್ಲ” ಅಂದ. ನೋಡಿದ್ರಾ? ಮರೆವು ಅಂದ್ರೆ ಜನಕ್ಕೆ ಕನಿಕರ ಬರುತ್ತೆ. ನಾನು ಆಗಲಿಂದ ಬಡ್ಕೋತಿರೋದೂ ಅದನ್ನೇ! ಆ ಕನಿಕರ ಆರೋದ್ರೊಳಗೆ ಉಪಯೋಗಿಸ್ಕೋಬೇಕು.

ಆ ಇಸ್ತ್ರಿ ಪೆಟ್ಟಿಗೆ ಒಂದು ನಿಮಿಷ ಪಕ್ಕಕ್ಕಿಡ್ತೀರಾ? ...ಇಲ್ವಾ? ಸರಿ, ಮಾಡಿ, ಮಾಡಿ. ನಾಳೆ ವಿಚಾರಣೆಯಲ್ಲಿ ಅಣ್ಣ ಸುಕ್ಕು ಬಿದ್ದ ಶರ್ಟ್ ಹಾಕ್ಕೊಂಡು ನಿಂತ್ರೆ ಚೆನ್ನಾಗಿರಲ್ಲ. ಇಸ್ತ್ರಿ ಮಾಡಿದ ಶರ್ಟಿಗೆ ನ್ಯಾಯಾಧೀಶರು ಸ್ವಲ್ಪ ಮರ್ಯಾದೆ ಕೊಡ್ತಾರೆ. ತಪ್ಪಿತಸ್ಥ ಅನ್ನೋ ಬದಲು ದುರದೃಷ್ಟವಂತ ಅಂತಾರೆ.

ಇನ್ನೊಂದು ಲೋಟ ನೀರು ಸಿಗುತ್ತಾ? ...ಹೂಂ. ಅಬ್ಬಾ. ಏನು ಸೆಕೆ! ನಿಮಗೆ ಚಳಿನಾ? ಶಾಲು ಹೊದ್ದಿದೀರ. ನನ್ನ ನೋಡಿ, ಬೆನ್ನೆಲ್ಲ ಒದ್ದೆ. ಟೆನ್ಷನ್ನು ಅತ್ತಿಗೆ, ಇನ್ನೇನು. ಅಮ್ಮ ಇದ್ದಿದ್ರೆ ಶುರು ಮಾಡ್ತಿದ್ಲು: “ಬಂದಾಗಲೆಲ್ಲ ಹೀಗೇ ಬೆವರ್ತೀಯ, ಡಾಕ್ಟರಿಗೆ ತೋರಿಸೋ.” ಎಲ್ಲಿ ಅಮ್ಮ? ...ಹಿಂದಿನ ಪಾರ್ಕಿಗೆ ಹೋಗಿದಾಳಾ? ಒಳ್ಳೇದೇ ಆಯ್ತು. ಈ ಮಾತು ಅವಳ ಮುಂದೆ ಬೇಡ.

ಬೆಳಿಗ್ಗೆಯಿಂದ ಪೇಪರಿನವರ ಜೊತೆ ತಲೆ ಚಚ್ಕೊಂಡು ಬಂದಿದೀನಿ. ಒಬ್ಬಳು ಹುಡುಗಿ, ನಿನ್ನೆ ಮೊನ್ನೆ ಕಾಲೇಜು ಬಿಟ್ಟವಳು, ಮೈಕ್ ನನ್ನ ಮೂಗಿಗೆ ತಗಲಿಸಿ ಕೇಳ್ತಾಳೆ: “ಒಬ್ಬ ಮೆಕ್ಯಾನಿಕ್ಕನ್ನ ಒಳಗೆ ಹಾಕಿದಾರೆ. ಕಂಪನಿಯನ್ನ ಯಾವಾಗ ಹಾಕ್ತಾರೆ?” ಅಮ್ಮಾ ತಾಯಿ, ಕಂಪನಿಗೆ ಬೇಡಿ ಹಾಕೋಣ ಅಂದ್ರೆ ಅದಕ್ಕೆ ಕೈ ಎಲ್ಲಿದೆ ತೋರಿಸು! ಕೈ ಇರೋದು ಮೆಕ್ಯಾನಿಕ್ಕಿಗೆ. ...ಇದನ್ನ ಬಾಯಿಬಿಟ್ಟು ಹೇಳಲಿಲ್ಲ ಬಿಡಿ. “ತನಿಖೆಗೆ ಕಂಪನಿಯ ಪೂರ್ಣ ಸಹಕಾರ ಇದೆ” ಅಂದೆ.

ಯಾಕೆ ಹಾಗೆ ನೋಡ್ತೀರ? ನನ್ನ ಕೆಲಸ ಅದು. ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದವನನ್ನ ಲಿಫ್ಟ್ ಕಂಪನಿಯವರು ಬಿಟ್ರೆ ಇನ್ಯಾರು ಕರೆದು ಕುರ್ಚಿ ಕೊಡ್ತಾರೆ? ಲಿಫ್ಟ್ ಕೆಟ್ರೆ ಅಣ್ಣ ರಿಪೇರಿ ಮಾಡ್ತಾನೆ, ಕಂಪನಿ ಹೆಸರು ಕೆಟ್ರೆ ನಾನು. “ಒಂದೇ ಮನೇಲಿ ಇಬ್ಬರು ಮೆಕ್ಯಾನಿಕ್ಕು” ಅಂತ ಅಮ್ಮ ಬೀದಿ ತುಂಬ ಹೇಳ್ಕೊಂಡು ಬಂದಿದ್ಲು, ನೆನಪಿದೆಯಾ? ...ನಗು ಬರಲಿಲ್ವಾ? ಸರಿ.

ನೋಡಿ, ಇಡೀ ವಿಷಯ ಸಣ್ಣದು. ನಿಮಗೆ ಗೊತ್ತಿಲ್ಲ ಅಂತಲ್ಲ, ಪೇಪರಿನವರಿಗೆ ಹೇಗೆ ಬಿಡಿಸಿ ಹೇಳಿದೆ ಅಂತ ಕೇಳಿ. ಅವರು ಲಿಫ್ಟ್ ಹತ್ತೋರು, ಬಿಚ್ಚೋರಲ್ಲ. ಪ್ರತಿ ಮಹಡಿ ಬಾಗಿಲಿಗೂ ಒಂದು ಲಾಕ್ ಇರುತ್ತೆ ಸ್ವಾಮಿ ಅಂದೆ. ಲಿಫ್ಟ್ ಬಂದು ನಿಲ್ಲದೆ ಬಾಗಿಲು ತೆರೆಯಬಾರದು. ಬಾಗಿಲು ತೆರೆದಿದ್ರೆ ಲಿಫ್ಟ್ ಅಲ್ಲಾಡಬಾರದು. ರಿಪೇರಿ ಹೊತ್ತಲ್ಲಿ ಮಾತ್ರ ಮೆಕ್ಯಾನಿಕ್ಕು ಒಂದು ತುಂಡು ಕೆಂಪು ವೈರ್ ಸಿಕ್ಕಿಸಿ ಲಾಕಿನ ಬಾಯಿ ಮುಚ್ಚಿಸ್ತಾನೆ. ಬಾಗಿಲು ತೆರೆದೇ ಲಿಫ್ಟ್ ಓಡಿಸಿ ನೋಡ್ತಾನೆ. ವೈರ್ ಇರೋವರೆಗೆ ಲಿಫ್ಟ್ ಇಲ್ಲದಿದ್ರೂ ಬಾಗಿಲು ತೆರೆಯುತ್ತೆ. ಕೆಲಸ ಮುಗಿದ ಮೇಲೆ ವೈರ್ ಕಿತ್ತು ಜೇಬಿಗೆ ಹಾಕ್ಕೋತಾನೆ. ಅಷ್ಟೇ. ಅಣ್ಣ ಬೆಳಿಗ್ಗೆ ಆಸ್ಪತ್ರೆ ಲಿಫ್ಟ್ ರಿಪೇರಿ ಮಾಡಿದ. ಮಧ್ಯಾಹ್ನ ಒಬ್ಬರು ನರ್ಸು ಸ್ಟ್ರೆಚರ್ ಎಳ್ಕೊಂಡು, ಹಿಂದಕ್ಕೆ ಹೆಜ್ಜೆ ಇಡ್ತಾ ಬಂದ್ರು. ಬಾಗಿಲು ತೆರೀತು. ಅವರು ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಬಾಗಿಲು ತೆರೆದ್ರೆ ಅಲ್ಲಿ ಲಿಫ್ಟ್ ಇರುತ್ತೆ ಅಂತ ತಾನೇ ನಾವೆಲ್ಲ...

...ಇರಲಿ. ಸ್ಟ್ರೆಚರ್ ಬಾಗಿಲಿಗೆ ಸಿಕ್ಕಿಕೊಂಡು ಅದರ ಮೇಲಿದ್ದ ಮುದುಕರು ಉಳ್ಕೊಂಡ್ರು. “ಆಕೆ ನನ್ನ ಜೊತೆ ಮಾತಾಡ್ತಾ ಇದ್ಲು” ಅಂತಾರೆ. ಏನು ಕೇಳಿದ್ರೂ ಅದೊಂದೇ ಉತ್ತರ.

ಪೊಲೀಸರು ಹೋದಾಗ ಕೆಂಪು ವೈರ್ ಅಲ್ಲೇ ಇತ್ತು. ಫೋಟೋನೂ ಇದೆ. ...ಹೌದು ಅತ್ತಿಗೆ, ಪೊಲೀಸರಿಗಿಂತ ಮುಂಚೆ ನಮ್ಮ ಕಂಪನಿಯವರು ಹೋಗಿದ್ರು. ಲಿಫ್ಟ್ ಕೆಟ್ಟಿದೆ ಅಂದ್ರೆ ಲಿಫ್ಟ್ ಕಂಪನಿಯವರು ಹೋಗದೆ ಹಾಲು ಹಾಕೋರು ಹೋಗ್ತಾರಾ? ನೀವೂ ಆ ಮೈಕಿನ ಹುಡುಗಿ ಥರ ಹುಬ್ಬು ಹಾರಿಸಬೇಡಿ.

ಮಣಿಕಟ್ಟು ಯಾಕೆ ಮುಟ್ಕೋತೀರ? ...ಓ. ವಾಚು. ಕೈ ಮುಗೀತೀನಿ, ಆ ವಾಚಿನ ಕಥೆ ಬೇಡ. ನನಗೂ ಗೊತ್ತು. ಕೆಂಪು ವೈರ್ ಸಿಕ್ಕಿಸಿದಾಗ ವಾಚು ಬಲಗೈಗೆ, ಕಿತ್ತ ಮೇಲೆ ವಾಪಸ್ ಎಡಗೈಗೆ. ಅವನ ಹಳೇ ಮೇಸ್ತ್ರಿ ಕಲಿಸಿದ್ದು. ಆ ಮೇಸ್ತ್ರಿ ಕೈಕೆಳಗೆ ಪಳಗಿದ ಮೆಕ್ಯಾನಿಕ್ಕುಗಳೆಲ್ಲ ಹಾಗೇ. ಬಲಗೈಯಲ್ಲಿ ವಾಚು ಕಿರಿಕಿರಿ ಮಾಡುತ್ತೆ, ಕಿರಿಕಿರಿ ನೆನಪು ಮಾಡುತ್ತೆ. ನಿಮ್ಮ ಮದುವೆಯಾದ ಹೊಸದರಲ್ಲಿ, ಇಲ್ಲೇ, ಇದೇ ಮೇಜಿನ ಮುಂದೆ, ತುತ್ತು ಬಾಯಿಗೆ ತಂದವನು ಕೈಯಲ್ಲಿ ವಾಚು ನೋಡಿ ತಟ್ಟೆ ಬಿಟ್ಟು ಓಡಿದ್ದ. ನಿಮಗೆ ಗಾಬರಿ, ಅಡುಗೇಲಿ ಏನೋ ಬಿದ್ದಿದೆ ಅಂತ! ನಾನು ಬಿದ್ದು ಬಿದ್ದು ನಕ್ಕಿದ್ದೆ.

ಗೊತ್ತು, ಗೊತ್ತು. ಆಸ್ಪತ್ರೆ ಲಿಫ್ಟ್ ರಿಪೇರಿ ಮಾಡಿದ ದಿನ ಊಟಕ್ಕೆ ಬಂದಾಗ ವಾಚು ಎಡಗೈಯಲ್ಲೇ ಇತ್ತು. ನೀವು ಕಣ್ಣಾರೆ ನೋಡಿದ್ರಿ. ಒಪ್ಪಿದೆ! ನಾಳೆ ನ್ಯಾಯಾಧೀಶರ ಮುಂದೆ ಏನಂತ ಹೇಳ್ತೀರ? “ನಮ್ಮ ಯಜಮಾನರ ವಾಚು ಎಡಗೈಯಲ್ಲಿತ್ತು, ಆದ್ದರಿಂದ ಕಂಪನಿಯದೇ ತಪ್ಪು” ಅಂತಾನಾ? ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡ್ತಾರೆ ನಿಮ್ಮನ್ನ. ಹೆಂಡತಿ ಮಾತಿಗೆ ಮನೇಲೇ ಬೆಲೆ ಇಲ್ಲ, ಇನ್ನು ಕೋರ್ಟಲ್ಲಿ... ತಮಾಷೆಗಂದೆ. ತಮಾಷೆ ಅತ್ತಿಗೆ.

ಲಾಕೇ ಸರಿ ಇಲ್ಲ ಅಂತಾನೆ ಅಣ್ಣ. ಹೋದ ಬೇಸಿಗೆಯಲ್ಲಿ ಬಂತಲ್ಲ, ಆ ಹೊಸ ಲಾಕು. ಒಳಗಿದ್ದ ಹಿತ್ತಾಳೆ ಪಟ್ಟಿ ತೆಗೆದು ಪ್ಲಾಸ್ಟಿಕ್ ಪಟ್ಟಿ ಹಾಕಿದ್ರು, ಅದು ಬಿಸಿಗೆ ಬಾಗುತ್ತೆ, ಲಿಫ್ಟ್ ಎಲ್ಲೋ ಇದ್ರೂ ಬಾಗಿಲು ಬಿಟ್ಟುಕೊಡುತ್ತೆ. ಇದು ಅವನ ವಾದ. ಇರಬಹುದು, ಇಲ್ಲದಿರಬಹುದು. ಮೇಲಿನವರಿಗಂತೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನನಗೂ. ಗೊತ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಿದ್ವಾ? ಊರ ತುಂಬ ಅದೇ ಲಾಕು ಅತ್ತಿಗೆ! ಶಾಲೆಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ... ಈ ಕಂಪನಿ ಕ್ವಾರ್ಟರ್ಸಿಗೂ ಅದೇ, ಅಣ್ಣನೇ ಕೈಯಾರೆ ಹಾಕಿದ್ದು. ಲಾಕಿನದೇ ತಪ್ಪು ಅಂತಾದ್ರೆ ಎಲ್ಲ ಲಿಫ್ಟನ್ನೂ ನಿಲ್ಲಿಸಬೇಕು. ಎಲ್ಲ ಲಾಕೂ ಕಿತ್ತು ಬೇರೆ ಹಾಕಬೇಕು. ಕಂಪನಿ ಉಳಿಯುತ್ತಾ? ಮೆಕ್ಯಾನಿಕ್ಕು ಮರೆತ ಅಂತಾದ್ರೆ ಒಬ್ಬ ಮೆಕ್ಯಾನಿಕ್ಕನ್ನ ನಿಲ್ಲಿಸಿದ್ರೆ ಸಾಕು.

...ಅಂದ್ರೆ, ಅವರು ಹಾಗೆ ಲೆಕ್ಕ ಹಾಕ್ತಾರೆ ಅಂತ ಹೇಳ್ದೆ. ನಾನಲ್ಲ.

ಮೇಲಿನವರು ಅಂದ್ರೆ ಏನೋ ಭಾರೀ ಅಂದ್ಕೋಬೇಡಿ. ನಮ್ಮ ಯಜಮಾನರಿದಾರಲ್ಲ, ಆಫೀಸಲ್ಲಿ ನಾವು ಅವರಿಗೆ ‘ಮೇಲ್ಮಹಡಿ’ ಅಂತೀವಿ. ಕಟ್ಟಡದ ತುತ್ತತುದೀಲಿ ಅವರ ರೂಮು. ಲಿಫ್ಟ್ ಕಂಪನಿಯ ಯಜಮಾನ, ಮೆಟ್ಟಿಲು ಹತ್ಕೊಂಡು ಹೋಗ್ತಾರೆ! ದಿನಾ! ಹೃದಯಕ್ಕೆ ಒಳ್ಳೇದಂತೆ. ಹಿಂದೆ ಟೈ ಕಟ್ಟಿದ ಮ್ಯಾನೇಜರುಗಳ ಸಾಲು, ಎಲ್ಲರದೂ ನಾಲಿಗೆ ಹೊರಗೆ. ನಾನೇ ಫೋಟೋ ತೆಗೆಸಿ ಪೇಪರಿಗೆ ಕೊಟ್ಟೆ. “ಆರೋಗ್ಯವೇ ಆಸ್ತಿ ಎನ್ನುವ ಉದ್ಯಮಿ” ಅಂತ ಅರ್ಧ ಪುಟ ಹಾಕಿದ್ರು. ಹೋದ ಬೇಸಿಗೆಯಿಂದ ಒಂದು ದಿನ ತಪ್ಪಿಸಿಲ್ಲ ಮಹಾರಾಯರು...

ಇದಕ್ಕೆ ನಗಬೇಕು ಅತ್ತಿಗೆ. ಎಲ್ಲರೂ ನಕ್ಕಿದ್ರು.

ಇಸ್ತ್ರಿ ಪೆಟ್ಟಿಗೆ ಯಾಕೆ ಅಲ್ಲೇ ಬಿಟ್ರಿ? ಅತ್ತಿಗೆ! ತೋಳು ಸುಡ್ತಿದೆ! ತೆಗೀರಿ... ಅಯ್ಯೋ. ಪರವಾಗಿಲ್ಲ, ತೋಳು ಮಡಿಚಿದ್ರೆ ಕಾಣಲ್ಲ.

ಹೋದ ಬೇಸಿಗೆ ಅಂದೆ. ಹೌದು. ಲಾಕು ಬಂದಿದ್ದೂ ಹೋದ ಬೇಸಿಗೆ. ಅದಕ್ಕೇನೀಗ? ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅನ್ನೋಕಾಗಲ್ಲ. ತರ್ಕಶಾಸ್ತ್ರದ ಮೊದಲ ಪಾಠ. ಮನುಷ್ಯನಿಗೆ ಹೊಟ್ಟೆ ಬಂದಿತ್ತು, ಮೆಟ್ಟಿಲು ಹತ್ತಿದ. ಅದನ್ನೂ ಅಪರಾಧ ಅಂತ ಬರೆಸೋಣವಾ?

ನನಗೂ ಸಾಕಾಗಿದೆ, ನಿಮಗೊಬ್ಬರಿಗೇ ಅಂದ್ಕೋಬೇಡಿ. ಎಷ್ಟು ನೋಡಿಲ್ಲ ನಾನು! ಸೇತುವೆ ಬೀಳುತ್ತೆ, ಸಿಮೆಂಟು ಕಲಸಿದವನು ಒಳಗೆ. ಔಷಧಿ ಕುಡಿದು ಜನ ಸಾಯ್ತಾರೆ, ಬಾಟ್ಲಿ ತುಂಬಿದವನು ಒಳಗೆ. ಯಜಮಾನರು ಬಂದು ತಲೆ ತಗ್ಗಿಸಿ ವಿಷಾದ ವ್ಯಕ್ತಪಡಿಸ್ತಾರೆ. ಆ ವಿಷಾದವನ್ನೂ ಅವರು ಬರೆಯಲ್ಲ, ನನ್ನಂಥವನು ಬರ್ಕೊಡ್ತಾನೆ. ನರ್ಸಿನ ಮನೆಯವರಿಗೆ ಓದಿದ್ದೂ ನಾನು ಬರೆದಿದ್ದೇ. ಚೆನ್ನಾಗಿತ್ತು ಅಂದ್ರು ಮೇಲ್ಮಹಡಿ. “ಸ್ವಲ್ಪ ಉದ್ದ ಆಯ್ತು” ಅಂದ್ರು.

ಅದಕ್ಕೇ ಹೇಳ್ತಿದೀನಿ. ಕಂಪನಿ ವಿರುದ್ಧ ನಿಂತು ಗೆದ್ದವರನ್ನ ನಾನು ನೋಡಿಲ್ಲ. ಸಂಜೆ ನಿಮ್ಮನ್ನ ಅಣ್ಣನ ಹತ್ರ ಬಿಡ್ತಾರಲ್ಲ, ಆಗ ಹೇಳಿ. ನನ್ನ ಮುಖ ನೋಡಲ್ಲ ಅಂತ ಪೊಲೀಸರ ಹತ್ರ ಹೇಳಿ ಕಳಿಸಿದಾನೆ ಪುಣ್ಯಾತ್ಮ. ನಿಮ್ಮ ಮಾತು ತೆಗೆದುಹಾಕಲ್ಲ. ನಾಳೆ ಕೇಳಿದಾಗ ಒಂದೇ ಮಾತು. “ಮರೆತೆ.” ಮುಂದಿನದು ಕಂಪನಿ ನೋಡ್ಕೊಳ್ಳುತ್ತೆ. ಒಳ್ಳೆ ವಕೀಲರನ್ನ ಇಡ್ತಾರೆ. ಹೊರಗೆ ಬಂದ ಮೇಲೆ ಗೋಡೌನಲ್ಲಿ ಕೂತು ಮಾಡೋ ಕೆಲಸ. ಈ ಮನೆ ಬಿಡಿಸಲ್ಲ. ಇಲ್ಲ, ಲಾಕು, ವಾಚು, ಹಿತ್ತಾಳೆ ಅಂತ ಹಟ ಹಿಡಿದ್ರೆ... ಆಗ ಮರೆವು ಅನ್ನಲ್ಲ ಅತ್ತಿಗೆ. ಬೇಕಂತಲೇ ಬಿಟ್ಟ ಅಂತಾರೆ. ಅದಕ್ಕೆ ಬೇರೆ ಶಿಕ್ಷೆ. ನೀವೂ ಅಮ್ಮನೂ ಗಂಟು ಮೂಟೆ ಕಟ್ಟಿ ಎಲ್ಲಿಗೆ ಹೋಗ್ತೀರ?

ಬೈಯೋದಾದ್ರೆ ಬೈಯಿರಿ. ಸ್ವಂತ ತಮ್ಮ ಕಣ್ರೀ ನಾನು, ಅವನಿಗೆ ಕೇಡು ಬಯಸ್ತೀನಾ?

ಫೋನ್ ಯಾರದು? ...ಅಮ್ಮನಾ? ನನ್ನ ಕೈಗೆ ಯಾಕೆ ಕೊಡ್ತೀರ, ನೀವೇ... ಹಲೋ. ಹೂಂ ಅಮ್ಮ, ನಾನೇ. ಈಗ ಬಂದೆ. ...ಹೂಂ, ಬೆವರಿದೀನಿ, ಡಾಕ್ಟರಿಗೆ ತೋರಿಸ್ತೀನಿ. ...ಬರ್ತಿದೀಯಾ? ಕೂತ್ಕೋ ಇನ್ನೂ ಸ್ವಲ್ಪ ಹೊತ್ತು, ತಂಪಾಗಿದೆಯಲ್ಲ ಅಲ್ಲಿ. ...ಎಲ್ಲಿದೀಯ? ...ಲಿಫ್ಟ್ ಮುಂದೇನಾ?

ಬೇಡ. ಒತ್ತಬೇಡ ಅಮ್ಮ. ...ಒತ್ತಿಬಿಟ್ಯಾ? ಹಿಂದೆ ಸರಿ. ಬಾಗಿಲು ತೆರೆದ್ರೂ ಕಾಲಿಡಬೇಡ! ಹಿಂದೆ ಸರಿ ಅಂದ್ನಲ್ಲ! ...ಕೆಟ್ಟಿಲ್ಲ ಅಮ್ಮ. ಯಾರೂ ಹೇಳಿಲ್ಲ. ಚೆನ್ನಾಗೇ ಇದೆ. ...ಮಂಡಿ ಗೊತ್ತು ನನಗೆ, ಮಂಡಿ ಗೊತ್ತು. ಅಲ್ಲೇ ಕಟ್ಟೆ ಮೇಲೆ ಕೂತಿರು, ನಾನು ಬಂದು ಎತ್ಕೊಂಡು ಬರ್ತೀನಿ. ...ಐದು ಮಹಡೀನೂ. ಹೂಂ, ಮೆಟ್ಟಿಲಲ್ಲೇ. ...ಹುಚ್ಚು ಹಿಡಿದಿಲ್ಲ. ಕೂತಿರು. ಕೂತೆಯಾ? ...ಕೂತಿರು.

ತಗೊಳ್ಳಿ ಫೋನು.

...ವಯಸ್ಸಾದವಳು ಅತ್ತಿಗೆ. ಒಬ್ಬಳೇ. ಯಾವುದಕ್ಕೂ ಹುಷಾರಾಗಿರಲಿ ಅಂತ.

ಹಾಗೆ ನೋಡಬೇಡಿ.

ಇಸ್ತ್ರಿ ಪೆಟ್ಟಿಗೆ ಯಾಕೆ ಆರಿಸಿದ್ರಿ? ಶರ್ಟು ಇನ್ನೂ ಅರ್ಧ ಇದೆ. ...ನನ್ನ ಬೆನ್ನು ಏನು ನೋಡ್ತೀರ? ಸೆಕೆ ಅಂದ್ನಲ್ಲ. ಟೆನ್ಷನ್ನು ಅಂದ್ನಲ್ಲ.

ಆ ಶಾಲನ್ನಾದ್ರೂ ತೆಗೀರಿ ಅತ್ತಿಗೆ. ದಯವಿಟ್ಟು.

...

ಹೋದ ಬೇಸಿಗೆಯಿಂದ ನಾನೂ ಮೆಟ್ಟಿಲು ಹತ್ಕೊಂಡೇ ಬರ್ತಿದೀನಿ.