ದೊರೆಯ ಬೆಣ್ಣೆಗಸಿ

ಇಲ್ಲ ಅಂತ ಎಲ್ಲಿ ಹೇಳಿದೆ ನಾನು, ಸೈನಬಾ? ಮೊಯಿದಿನಬ್ಬನ ಹತ್ರ ಮಾತಾಡುವ. ಬೆಳ್ತಂಗಡಿಯಲ್ಲಿ ಹೊಸ ಹೋಟ್ಲು ಹಾಕುವವನು ಅಡಿಗೆಯವಳ ಬಗ್ಗೆ ನಾಲ್ಕು ಕಡೆ ಕೇಳಿಯೇ ಕೇಳ್ತಾನೆ. ಎಂತ ಅಂದ? 'ತುಕ್ರಪ್ಪ ಆಗಬಹುದು ಅಂದರೆ ಸೇರಿಸ್ತೇನೆ' ಅಂತಲಾ? ಅಬ್ಬ! ನನ್ನ ಮಾತಿಗೂ ಬೆಲೆ ಉಂಟು ಹಾಗಾದರೆ... ಕೂತ್ಕೋ, ಕೂತ್ಕೋ. ಮೂಡಬಿದ್ರೆಯವರೆಗೆ ಬಂದು ನನ್ನ ಹೋಟ್ಲಲ್ಲಿ ಉಣ್ಣದೆ ಹೋಗುವುದುಂಟಾ? ಕಾಣೆ ಮೀನು ಉಂಟು.

ಆದರೆ ಅವನು ಆ ಉಪ್ಪಿನ ಸಂಗತಿ ತೆಗೆದರೆ ಎಂತ ಹೇಳಲಿ ಮಾರಾಯ್ತಿ? ನಾಲ್ಕು ವರ್ಷ ಆಯ್ತು, ಪಾಣೆಮಂಗಳೂರಿನಲ್ಲಿ ಇನ್ನೂ ಅದೇ ಮಾತು... ಯಾಕೆ ಹಾಗೆ ನೋಡ್ತೀ? ನಾನು ಹೇಳಿದ್ದಾ? 'ನನ್ನ ಕೈತಪ್ಪು ದೊರೇ' ಅಂತ ಎಲ್ಲರ ಎದುರು ನೀನೇ ಅಂದದ್ದಲ್ವಾ!

ತಿನ್ನು, ಆರ್ತದೆ.

ದೊರೆ ಮೊದಲು ಸಿಕ್ಕಿದ್ದು ನನಗೆ. ಅದು ಮರೀಬೇಡ. ಫ್ರಾನ್ಸಿನಿಂದ ಬಂದು ಪಾಂಡಿಚೇರಿಯಲ್ಲಿ ಅವರ ಅಧಿಕಾರಿಗಳಿಗೆ ಅಡಿಗೆ ಮಾಡ್ತಿದ್ದ ಜನ. ಅವರ ಸರ್ಕಾರ ಗಂಟುಮೂಟೆ ಕಟ್ಟಿ ಹಡಗು ಹತ್ತಿದಾಗ ಇವನೊಬ್ಬ ಹತ್ತಲಿಲ್ಲ. ಘಟ್ಟದ ಮೇಲಿನ ಕಾಫಿ ಎಸ್ಟೇಟಿನವರು ತಮ್ಮ ಬಂಗಲೆಗೆ ಕರ್ಕೊಂಡು ಬಂದರು. ನಾನು ಅಲ್ಲಿ ಪಾತ್ರೆ ತೊಳೆಯುವವ. ಎರಡು ವರ್ಷ ಆದ ಮೇಲೆ, 'ತುಕ್ರಾಪ್, ನಾವೇ ಹೋಟ್ಲು ಹಾಕುವ' ಅಂದ. 'ನಾವು' ಅಂದ, ಕೇಳಿತಾ? ಎಸ್ಟೇಟಿನ ಕಡೆಯಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುವ ಕಾರುಗಳು ಪಾಣೆಮಂಗಳೂರಿನಲ್ಲಿ ಹೊಳೆಯ ಸಂಕ ದಾಟಬೇಕು, ಅಲ್ಲೇ ಹಾಕುವ ಅಂತ ಜಾಗ ತೋರಿಸಿದ್ದೇ ನಾನು! ಬಿಳಿ ಮೇಜುಬಟ್ಟೆ, ಒಬ್ಬೊಬ್ಬರಿಗೆ ಮೂರು ಮೂರು ಚಮಚ... ಊರಿನವರು ಬಾಗಿಲಲ್ಲಿ ನಿಂತು ನೋಡಿ ಹೋಗ್ತಿದ್ದರು.

ನೀನೋ? ಹಿಂದಿನ ಬಾಗಿಲಿಗೆ ಮೀನು ತಂದವಳು. ಬೇಜಾರು ಮಾಡ್ಬೇಡ, ಇದ್ದದ್ದು ಹೇಳ್ತೇನೆ. ವೈನು ಸಿಕ್ಕುವುದಿಲ್ಲ, ಪಾನನಿಷೇಧ, ಮೀನಿನ ಮೇಲೆ ಹೊಯ್ಯುವ ಬೆಣ್ಣೆಗಸಿಗೆ ಎಂತ ಹುಳಿ ಹಾಕುವುದು ಅಂತ ದೊರೆ ತಲೆಗೆ ಕೈ ಕೊಟ್ಟು ಕೂತಿದ್ದ. ನೀನು ಮಡಿಲಿನಿಂದ ನಾಲ್ಕು ಬಿಂಬುಳಿಕಾಯಿ ತೆಗೆದು ಇಟ್ಟೆ. ಅಷ್ಟೇ! ನಾಲ್ಕು ಬಿಂಬುಳಿ! ಮರುದಿನ ನೀನು ಒಲೆಯ ಹತ್ರ, ನಾನು ಈರುಳ್ಳಿಯ ಹತ್ರ.

ನಗ್ಬೇಡ. ನಗು ಬರುವ ಮಾತಾ ಇದು?

ಟೈಫಾಯ್ಡ್ ಬಂತಲ್ಲ ಅವನಿಗೆ. ನಲವತ್ತು ದಿನ ಗಂಜಿ ಕುಡಿಸಿದವ ಯಾರು? ಬೆನ್ನು ಒರೆಸಿದವ ಯಾರು? ಎದ್ದು ಬಂದವನೇ ಕರೆದದ್ದು ನಿನ್ನನ್ನು. 'ಸೈನಬಾ, ಬಾ. ಸೈನಬಾ, ರುಚಿ ನೋಡು.' ದಿನಕ್ಕೆ ಹತ್ತು ಸಲ. ನೀನು ತಲೆ ಆಡಿಸಿದರೆ ಮಾತ್ರ ಪಾತ್ರೆ ಕೆಳಗಿಳಿಯುವುದು. ನಾನು ಪಕ್ಕದಲ್ಲೇ ನಿಂತಿದ್ದೇನೆ ಮಾರಾಯ್ತಿ, ನನಗೂ ನಾಲಗೆ ಉಂಟು!

ಆ ದಿನ ಎಸ್ಟೇಟಿನವರ ದೊಡ್ಡ ಊಟ. ಮೂವತ್ತು ಜನ. ಬೆಣ್ಣೆಗಸಿ ನೀನೇ ಮಾಡಿದ್ದು. ಸರಿ. ರುಚಿ ನೋಡಿದೆ, ತಲೆ ಆಡಿಸಿದೆ, ಮಗ್ರಿಬ್ ನಮಾಜಿಗೆ ಆಚೆ ಕೋಣೆಗೆ ಹೋದೆ. ಬಡಿಸುವ ಮೊದಲು ದೊರೆ ಯಾವಾಗಿನ ಹಾಗೆ ಚಮಚ ಅದ್ದಿ ಬಾಯಿಗಿಟ್ಟ, ಕಣ್ಣು ಮುಚ್ಚಿದ, 'ಬೊಂ, ಬೊಂ' ಅಂದ. ಒಳ್ಳೆದಾಗಿದೆ ಅಂತ. ಹೊರಗೆ ಮೂವತ್ತು ಜನವೂ ಉಪ್ಪು ಉಪ್ಪು ಅಂತ ಉಗಿದರು. ಅವನಿಗೆ ಎಂತ ಗೊತ್ತಾಗಬೇಕು? ಜ್ವರ ಬಂದ ಮೇಲೆ ಆ ನಾಲಗೆಗೆ ಉಪ್ಪೂ ಒಂದೇ, ಬೂದಿಯೂ ಒಂದೇ...

ಎಂತ? ಯಾಕೆ ಬಟ್ಟಲು ದೂಡಿದೆ?

ಅಲ್ಲ... ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ ಅದು? ಊರೇ ಮಾತಾಡ್ತಿತ್ತು... ಇಲ್ವಾ? ಯಾರೂ ಮಾತಾಡಲಿಲ್ವಾ? ನಿನಗೊಬ್ಬಳಿಗೇ ಹೇಳಿದ್ದಾ ಅವನು?

ಎಂತ ಅಂದೆ ಸೈನಬಾ? ನನಗೆ ಮೊದಲೇ ಗೊತ್ತಿತ್ತಾ ಅಂತಲಾ?

...ಹೌದು. ಗೊತ್ತಿತ್ತು. ಒಂದು ದಿನ ಅವನ ಚಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದೆ. ಕುಡಿದ. ನನ್ನ ಮುಖ ನೋಡಿ ನಕ್ಕು, ಇನ್ನೊಂದು ಲೋಟ ಕೇಳಿದ. ಅಯ್ಯೋ, ಅಳು ಬಂತು ಮಾರಾಯ್ತಿ, ಸತ್ಯವಾಗಿ! ಈಗಲಾದರೂ ಹೇಳ್ತಾನೆ ಅಂತ ಕಾದೆ. 'ತುಕ್ರಾಪ್, ನನಗೆ ರುಚಿ ಹತ್ತುವುದಿಲ್ಲ' ಅಂತ ಒಂದು ಮಾತು. ತಿಂಗಳುಗಟ್ಟಲೆ ಕಾದೆ. ಹೇಳಲೇ ಇಲ್ಲ. ನಿನ್ನನ್ನೇ ಕರೆದ.

ಎರಡು ಮುಷ್ಟಿ ಉಪ್ಪು ಹಾಕಿದೆ ಗಸಿಗೆ. ನೀನು ನಮಾಜಿಗೆ ಹೋದಾಗ. ನಿನ್ನನ್ನು ಕೆಲಸದಿಂದ ಬಿಡಿಸಿ ಹಾಕ್ತಾನೆ, ಆಮೇಲೆ ನನ್ನನ್ನೇ ಕೇಳಬೇಕಲ್ಲ ಅಂತ... ಅಷ್ಟೇ ಇದ್ದದ್ದು ತಲೆಯಲ್ಲಿ. ಎಸ್ಟೇಟಿನವರು ಆಮೇಲೆ ಕಾಲೇ ಇಡುವುದಿಲ್ಲ, ಹೋಟ್ಲು ಮುಚ್ಚಿ ಹೋಗ್ತದೆ ಅಂತ ಯಾರಿಗೆ ಗೊತ್ತಿತ್ತು? ಪಾಂಡಿಚೇರಿಗೆ ಹೋಗಿ ಎರಡೇ ವರ್ಷಕ್ಕೆ ತೀರಿಹೋಗ್ತಾನೆ ಅಂತ...

ನೀನಾದರೂ ಬಾಯಿ ಬಿಡಬಹುದಿತ್ತು! 'ನಾನು ನೋಡುವಾಗ ಸರಿ ಇತ್ತು, ಆಮೇಲೆ ದೊರೆಯೇ ರುಚಿ ನೋಡಿದ್ದಲ್ವಾ' ಅಂತ ಒಂದು ಮಾತು. ಅಂದಿದ್ದರೆ ಅವನ ಗುಟ್ಟು ಬೀದಿಗೆ ಬೀಳ್ತಿತ್ತು. ಅದಕ್ಕೇ ಅಲ್ವಾ ತಪ್ಪನ್ನು ಮೈಮೇಲೆ ಎಳ್ಕೊಂಡದ್ದು? ಗೊತ್ತುಂಟು ನನಗೆ. ಬಾಗಿಲ ಹತ್ರ ನಿಂತು ನೋಡ್ತಿದ್ದೆ. ಅವನು ನಿನ್ನನ್ನು ನೋಡಿದ ನೋಟ... ನಲವತ್ತು ದಿನ ಗಂಜಿ ಕುಡಿಸಿದವನನ್ನು ಒಂದು ದಿನವೂ ಹಾಗೆ ನೋಡಲಿಲ್ಲ. ಕೆಲಸ ಹೋದದ್ದು ನಿನ್ನದು. ಹೊಟ್ಟೆ ಉರಿದದ್ದು ಆಗಲೂ ನನ್ನದೇ.

ಎದ್ದೆಯಾ? ಸೈನಬಾ, ನಿಲ್ಲು. ನಾಳೆಯೇ ಬರ್ತೇನೆ ಬೆಳ್ತಂಗಡಿಗೆ. ಉಪ್ಪು ಹಾಕಿದ್ದು ನಾನು ಅಂತ ಮೊಯಿದಿನಬ್ಬನ ಎದುರೇ ಹೇಳ್ತೇನೆ. ದೇವರಾಣೆ.

ಒಂದೇ ಒಂದು ಕೇಳ್ತೇನೆ. ಅವನ ಕಷ್ಟ ನಿನ್ನ ಹತ್ರ ಹೇಳಿದ ದಿನ... ನನ್ನ ಹೆಸರು ಎತ್ತಿದ್ದನಾ? 'ತುಕ್ರಾಪ್‌ಗೂ ಹೇಳುವ' ಅಂತ, ಒಮ್ಮೆಯಾದರೂ?

ಇಲ್ವಾ?

...ಉಂಟಾ?

ಅದೊಂದು ಹೇಳಿ ಹೋಗು, ಮಾರಾಯ್ತಿ.