ಟ್ಯಾಂಕಿನೊಳಗಿನ ಅಕ್ಷತೆ

…ಅದಿರಲಿ, ಈ ಕಥೆ ನನಗೆ ಮೊದಲು ಹೇಳಿದ್ದು ಮೆಕ್ಯಾನಿಕ್ ರಹೀಂ ಸಾಬರು. ಯಲಹಂಕ ಹಳೇ ಪೇಟೇಲಿ ಅವರ ಶೆಡ್ಡು, ಈಗಲೂ ಇದೆ. ಯಾರೋ ಒಬ್ಬರು ಇದ್ದರಂತೆ, ಅವರ ಕಾರು ಹಿಂಗಿಂಗೆ ಆಯಿತಂತೆ ಅಂತ ಹೇಳಿದರು. ಆ ಯಾರೋ ಒಬ್ಬರು ಯಾರು ಅನ್ನೋದು ಆಮೇಲೆ ಬರುತ್ತೆ, ತಾಳಿ ಮಕ್ಕಳಾ.

ಕೊರೋನಾ ಬಂದ ಎರಡು ವರ್ಷ ನಮ್ಮ ಅಂಬಾಸಿಡರ್ ಇಲ್ಲೇ, ಪುಟ್ಟೇನಹಳ್ಳಿ ಮನೆ ಪಕ್ಕದ ಶೀಟಿನ ಕೆಳಗೆ, ನಿಂತಲ್ಲೇ ನಿಂತಿತ್ತು. ಬಾಡಿಗೆ ಇಲ್ಲ, ಕರೆಯೋರಿಲ್ಲ. ರಾಗಿ ಇತ್ತು, ಮುದ್ದೆಗೇನೂ ತೊಂದರೆ ಆಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಸುಮ್ಮನೆ ಕೂತರೆ ಹೆಂಗಿರುತ್ತೆ ಅಂತ ನಿಮಗೆ ಗೊತ್ತಾಗಲ್ಲ. ದಿನಾ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಆಮೇಲೆ ಕಾರಿನ ಮುಂದೂ ಒಂದು ಊದುಬತ್ತಿ ಹಚ್ಚುತ್ತಿದ್ದೆ. ನಿಮ್ಮಪ್ಪ ನಾಗರಾಜ ಬೈಯೋನು, ‘ಓಡದೇ ಇರೋ ಕಾರಿಗೆ ಪೂಜೆ ಬೇರೆ’ ಅಂತ. ಎಲ್ಲ ತೆರೆದ ಮೇಲೆ ಶೆಟ್ಟಿಹಳ್ಳಿ ಹನುಮಂತಪ್ಪ ಬಂದ. ಅವನ ಮದುವೇಲಿ ಅವನನ್ನ ಇದೇ ಕಾರಲ್ಲಿ ಚತ್ರಕ್ಕೆ ತಂದಿಳಿಸಿದ್ದೆ. ಈಗ ಮಗಳ ಮದುವೆ, ಹೆಣ್ಣೂ ಇದೇ ಕಾರಲ್ಲಿ ಬರಬೇಕು ಅಂದ. ನಾನು ಆಗಲಿ ಅಂತ ಮಾತು ಕೊಟ್ಟುಬಿಟ್ಟೆ. ನಾಗರಾಜ ಒಂದೇ ಮಾತು ಅಂದ: ‘ಅಪ್ಪಾ, ಈ ಮದುವೆಗೆ ಓಡಲಿಲ್ಲ ಅಂದ್ರೆ ಗುಜರಿಗೆ ಕೊಡೋದೇ. ಆಮೇಲೆ ನೀವು ಮಾತಾಡಬಾರದು.’

ಸರಿ, ಓಡಿಸಿ ನೋಡಿದೆ. ಸ್ಟಾರ್ಟ್ ಆಗುತ್ತೆ, ಚೆನ್ನಾಗೇ ಹೋಗುತ್ತೆ, ಒಂದು ಮೈಲಿ, ಅಲ್ಲ, ಒಂದು ಮೈಲೀನೂ ಇಲ್ಲ, ಕೆರೆ ಏರಿ ದಾಟಿದ ಕೂಡಲೇ ಉಸಿರು ಕಟ್ಟಿದ ಹಾಗೆ ಆಗಿ ನಿಂತುಬಿಡುತ್ತೆ. ಹತ್ತು ನಿಮಿಷ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತೆ. ಮತ್ತೆ ಹೋಗುತ್ತೆ, ಮತ್ತೆ ನಿಲ್ಲುತ್ತೆ. ನಾನು ದೃಷ್ಟಿ ಅಂದುಕೊಂಡು ನಿಂಬೆಹಣ್ಣು ಕಟ್ಟಿದೆ. ಸಾಬರು ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದರು, ಪಂಪ್ ನೋಡಿದರು. ಎಲ್ಲಾ ಸರಿ ಇದೆ. ‘ಗೌಡ್ರೇ, ಟ್ಯಾಂಕಿಗೆ ಏನಾದ್ರೂ ಬಿದ್ದಿತ್ತಾ?’ ಅಂತ ಕೇಳಿದರು. ಏನೂ ಬಿದ್ದಿಲ್ಲ ಸಾಬರೇ ಅಂದೆ. ಮದುವೆಗೆ ಎರಡು ದಿನ ಇತ್ತು. ನಾಗರಾಜ ಅವರೆದುರೇ ಅಂದ, ಸಾಬರ ಕೈ ಹಳೇದಾಯ್ತು ಅಂತ. ಸಾಬರು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಮಲಗಿದರು.

ಟ್ಯಾಂಕಿನ ಪೆಟ್ರೋಲೆಲ್ಲ ಇಳಿಸಿ, ಟ್ಯಾಂಕ್ ಬಿಚ್ಚಿ, ಒಳಗಿನ ಕೊಳವೆ ಹೊರಗೆ ಎಳೆದರು. ಅದರ ತುದೀಲಿ ಒಂದು ಸಣ್ಣ ಜರಡಿ ಇರುತ್ತೆ, ಟೀ ಸೋಸೋ ಜಾಲರಿ ಹಂಗೆ. ಪೆಟ್ರೋಲ್ ಎಳೆದಾಗ ಒಳಗಿನ ಕಸ ಬಂದು ಅದಕ್ಕೆ ಅಂಟುತ್ತೆ, ಕಾರು ನಿಲ್ಲುತ್ತೆ. ಎಳೆಯೋದು ನಿಂತರೆ ಕಸ ಕೆಳಕ್ಕೆ ಬೀಳುತ್ತೆ, ಕಾರು ಓಡುತ್ತೆ. ಸಾಬರು ಜರಡಿ ನೋಡಿದವರೇ ಅದನ್ನ ಅಂಗೈಯೊಳಗೆ ಮುಚ್ಚಿಕೊಂಡರು. ಏನು ಸಿಕ್ಕಿತು ಅಂತ ನಾಗರಾಜ ಕೇಳಿದ. ‘ತುಕ್ಕು, ಕಸ. ನೀವು ಹೋಗಿ ಹೊಸ ಪೆಟ್ರೋಲ್ ತನ್ನಿ’ ಅಂದು ಅವನನ್ನ ಕ್ಯಾನ್ ಕೊಟ್ಟು ಕಳಿಸಿದರು.

ಅವನು ಹೋದ ಮೇಲೆ ಜರಡಿಗೆ ಬ್ರಶ್ ಹಾಕುತ್ತಾ ನಿಧಾನಕ್ಕೆ ಕಥೆ ಶುರು ಮಾಡಿದರು. ‘ಯಾರೋ ಒಬ್ರು ಇದ್ರು ಗೌಡ್ರೇ, ಭಾಳ ದೈವಭಕ್ತರು. ಆಯುಧಪೂಜೆ ದಿನ ಎಲ್ರೂ ಬಾನೆಟ್ ಮೇಲೆ ಅಕ್ಷತೆ ಹಾಕಿದ್ರೆ, ಅವರು ಟ್ಯಾಂಕ್ ಮುಚ್ಚಳ ತೆಗೆದು ಒಳಗೂ ಒಂದು ಚಿಟಿಕೆ ಹಾಕೋರಂತೆ. ವರ್ಷಾವರ್ಷ.’ ಅಷ್ಟು ಹೇಳಿ ಕೈ ತೆರೆದರು. ಎರಡು ವರ್ಷ ನಿಂತಲ್ಲೇ ನಿಂತು ಕಟ್ಟಿದ ತುಕ್ಕಿನ ಕೆಸರಲ್ಲಿ ಕಚ್ಚಿಕೊಂಡು ಅಕ್ಕಿಕಾಳು. ಒಂದೆರಡರ ಮೇಲೆ ಅರಿಶಿನ ಇನ್ನೂ ಇತ್ತು.

ನಾನೇ ಕಣ್ರೋ ಹಾಕಿದ್ದು. ಸಂಕ್ರಾಂತಿ ದಿನ ಎತ್ತಿಗೆ ಹುಗ್ಗಿ ತಿನ್ನಿಸ್ತೀವಲ್ಲ, ಹಂಗೆ ಇದಕ್ಕೂ, ದುಡಿಯೋದರ ಹೊಟ್ಟೆಗೂ ಏನಾದರೂ ಬೀಳಲಿ ಅಂತ. ಸಾಬರು ಕೇಳಿದಾಗ ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಲೇ ಇಲ್ಲ. ದೇವರ ಹೆಸರಲ್ಲಿ ಹಾಕಿದ್ದು ಕಸ ಅಂತ ಯಾರಿಗೆ ತೋಚುತ್ತೆ? ಸಾಬರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ‘ಎಂಥೆಂಥಾ ಜನ ಇರ್ತಾರೆ ಸಾಬರೇ’ ಅಂದೆ. ‘ಇರ್ತಾರೆ ಗೌಡ್ರೇ’ ಅಂದರು.

ಮದುವೆ ದಿನ ಶೆಟ್ಟಿಹಳ್ಳಿಯಿಂದ ಯಲಹಂಕದ ಚತ್ರದವರೆಗೂ ಕಾರು ಎಲ್ಲೂ ಕೆಮ್ಮಲಿಲ್ಲ. ಗುಜರಿ ಮಾತು ಅಲ್ಲಿಗೇ ನಿಂತಿತು. ಆದರೆ ಊಟದ ಪಂಕ್ತೀಲಿ ನಾಗರಾಜ ಪಕ್ಕದವರಿಗೆಲ್ಲ ಹೇಳ್ತಿದ್ದ, ಒಂದು ಕಸ ಹುಡುಕೋಕೆ ಮೂರು ಸಲ ಬಿಚ್ಚಿದ್ರು, ಸಾಬರ ಹತ್ರ ಇನ್ಮೇಲೆ ಹೋಗಬೇಡಿ ಅಂತ. ನಾನು ಕೇಳಿಸಿಕೊಂಡೆ. ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿ ತಿಂದೆ. ಆಮೇಲೆ ಒಂದಿಬ್ಬರು ಹಳೇ ಗಿರಾಕಿಗಳು ಸಾಬರನ್ನ ಬಿಟ್ಟರು. ಸಾಬರು ಈವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ನಿಮ್ಮಪ್ಪ ಒಳಗೆ ಕೂತು ಕೇಳಿಸ್ಕೊತಾ ಇದ್ದಾನೆ, ಕೇಳಲಿ. ಅಕ್ಷತೆ ಹಣೆಗೆ ಹಾಕಬೇಕು, ಹೊಟ್ಟೆಗಲ್ಲ. ಇಷ್ಟೇ ನಾನು ಕಲಿತದ್ದು. ಸಾಬರ ಕೈಗೆ ಏನೂ ಆಗಿರಲಿಲ್ಲ. ನೀವು ಈ ಕಥೆ ನಾಲ್ಕು ಜನಕ್ಕೆ ಹೇಳಿ. ಹೇಳುವಾಗ ಯಾರೋ ಒಬ್ಬರು ಅನ್ನಬೇಡಿ. ನಮ್ಮ ತಾತ ಅನ್ನಿ.